ಒಡಿಕತ್ತಿಯ ಹದ: ಶ್ರೀಮಂಗಲ ಪರಿಸರದ ಮನೆಕುಲುಮೆ ಮತ್ತು ಆಯುಧಪದಗಳ ಅರ್ಥ

ಹಳಗನ್ನಡ ಹಾಗೂ ನಡುಗನ್ನಡ ಕಾವ್ಯಗಳ ಯುದ್ಧಭಾಗಗಳನ್ನು ಪಾಠ ಹೇಳುವವರಿಗೆ ಮತ್ತೆ ಮತ್ತೆ ಎದುರಾಗುವ ಅರ್ಥವಿವರಣೆಯೊಂದಿದೆ: ‘ಒಂದು ಬಗೆಯ ಆಯುಧ’. ಸಂಪಾದಿತ ಕಾವ್ಯಗಳ ಕೊನೆಯಲ್ಲಿ ಬರುವ ಶಬ್ದಕೋಶಗಳಲ್ಲಿ ಮರಕ್ಕೆ ‘ಒಂದು ಜಾತಿಯ ಮರ’ ಎಂದೂ ಒಡವೆಗೆ ‘ಒಂದು ವಿಧದ ಆಭರಣ’ ಎಂದೂ ಬರೆದು ಮುಂದೆ ಸಾಗುವ ರೂಢಿಯ ಮುಂದುವರಿಕೆ ಇದು. ಮೈಗೆ ತೊಡುವ ‘ಜೋಡು’, ತಲೆಗೆ ಇಡುವ ‘ಸೀಸಕ’, ತೋಳಿಗೆ ಬಿಗಿಯುವ ‘ಬಾಹುರಕ್ಕೆ’ ಈ ಮೂರನ್ನೂ ‘ಕವಚ’ ಎಂಬ ಒಂದೇ ಪದದ ಸುತ್ತ ಇರಿಸಿ ಅರ್ಥ ಹೇಳಿದರೆ ಪದ್ಯದ ಅನ್ವಯಕ್ಕೆ ತೊಡಕೇನೂ ಬಾರದು. ಆದರೆ ಆ ವಸ್ತು ತಗಡಿನದೋ ಬಳೆಗಳ ಹೆಣಿಗೆಯದೋ, ಬಡಿದು ಮಾಡಿದ್ದೋ ಎರಕ ಹೊಯ್ದದ್ದೋ, ಎಲ್ಲಿ ಬಿಗಿಯುತ್ತದೆ, ಯಾವ ಏಟಿಗೆ ಒಡೆಯುತ್ತದೆ ಎಂಬ ಪ್ರಶ್ನೆಗಳು ಉಳಿದೇ ಉಳಿಯುತ್ತವೆ. ಕವಿಗೂ ಅವನ ಕಾಲದ ಕೇಳುಗರಿಗೂ ಇವಕ್ಕೆ ಉತ್ತರ ಗೊತ್ತಿತ್ತು. ಗೊತ್ತಿದ್ದುದರಿಂದಲೇ ವಿವರಿಸುವ ಅಗತ್ಯ ಕವಿಗೆ ಬೀಳಲಿಲ್ಲ. ಇಂದಿನ ಓದುಗನಿಗೆ ಗೊತ್ತಿಲ್ಲ. ನಿಘಂಟು ಈ ಅಂತರವನ್ನು ತುಂಬಬೇಕಾಗಿತ್ತು. ಅದು ಪದದಿಂದ ಪದಕ್ಕೆ ಸಾಗುವ ದಾರಿಯನ್ನು ಮಾತ್ರ ಹಾಕಿಕೊಟ್ಟಿದೆ, ಪದದಿಂದ ವಸ್ತುವಿಗೆ ಸಾಗುವ ದಾರಿಯನ್ನಲ್ಲ.

ಆ ಎರಡನೆಯ ದಾರಿಯನ್ನು ಬಲ್ಲವನು ವಸ್ತುವನ್ನು ಮಾಡುವವನು. ಕನ್ನಡನಾಡಿನ ಬಹುಪಾಲು ಯುದ್ಧಸಾಮಗ್ರಿಯ ತಯಾರಿಕೆ ನಿಂತು ಎರಡು ಶತಮಾನಗಳಾಗುತ್ತಿರುವುದರಿಂದ ಹಾಗೆ ಕೇಳಿ ತಿಳಿಯುವ ಅವಕಾಶ ಅಪರೂಪ. ಕೊಡಗು ಇದಕ್ಕೆ ದೊಡ್ಡ ಅಪವಾದ. ಇಲ್ಲಿ ಒಡಿಕತ್ತಿ ಮತ್ತು ಪೀಚೆಕತ್ತಿಗಳು ಗಾಜಿನ ಪೆಟ್ಟಿಗೆಯ ವಸ್ತುಗಳಾಗಿ ಮಾತ್ರ ಉಳಿದಿಲ್ಲ. ಮದುವೆಗೆ ಬೇಕಾದ, ಹಬ್ಬಕ್ಕೆ ಬೇಕಾದ, ಒಕ್ಕಕ್ಕೆ ಬೇಕಾದ ಆಯುಧಗಳಾಗಿ ಬಳಕೆಯಲ್ಲಿವೆ. ಕೊಡಗಿನ ದಕ್ಷಿಣ ಭಾಗವಾದ ಕಿಗ್ಗಟ್ಟುನಾಡಿನ ಶ್ರೀಮಂಗಲವನ್ನು ಮುಂದಿಟ್ಟುಕೊಂಡು, ಈ ಆಯುಧಗಳು ಮನೆಕುಲುಮೆಯಲ್ಲಿ ಹೇಗೆ ರೂಪುಗೊಳ್ಳುತ್ತವೆ, ಆ ತಿಳಿವಳಿಕೆ ಕನ್ನಡದ ಪದಾರ್ಥಚಿಂತನೆಗೆ ಏನನ್ನು ಒದಗಿಸಬಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕವಚವಿಲ್ಲದ ಯೋಧವೇಷ

ಕರ್ನಾಟಕದ ಮಟ್ಟಿಗೆ ಲೋಹಕವಚದ ಸ್ಪಷ್ಟ ಕುರುಹುಗಳು ದೊರೆಯುವುದು ಬಿಜಾಪುರದ ಕಡೆಯಿಂದ. ಕಬ್ಬಿಣದ ಸಣ್ಣ ಬಳೆಗಳನ್ನು ಒಂದಕ್ಕೊಂದು ಹೆಣೆದು, ಎದೆ ಬೆನ್ನುಗಳ ಮೇಲೆ ಉಕ್ಕಿನ ತಗಡುಗಳನ್ನು ಕೂಡಿಸಿದ ಅಂಗಿಗಳು ಆ ಸೇನೆಯಲ್ಲಿದ್ದವು. 17ನೆಯ ಶತಮಾನದ ಕೊನೆಯಲ್ಲಿ ಮೊಗಲರ ಸೇನೆ ಅದೋನಿಯ ಕೋಟೆಯನ್ನು ಹಿಡಿದಾಗ ಅಲ್ಲಿದ್ದ ಆಯುಧ ಕವಚಗಳಲ್ಲಿ ಒಂದು ಭಾಗ ಬಿಕಾನೇರದ ಅರಸ ಅನೂಪಸಿಂಹನ ವಶವಾಗಿ ಅಲ್ಲಿನ ಜುನಾಗಢ ಕೋಟೆಯನ್ನು ಸೇರಿತು. ಅವುಗಳಲ್ಲಿ ಕೆಲವು ಇಂದು ವಿದೇಶದ ವಸ್ತುಸಂಗ್ರಹಾಲಯಗಳಲ್ಲಿವೆ. ನಡುಗನ್ನಡ ಕಾವ್ಯಗಳ ‘ಜೋಡು’ ಎಂಥದಿದ್ದಿರಬಹುದೆಂದು ಊಹಿಸುವವರು ನೋಡಬೇಕಾದ ವಸ್ತುಗಳಿವು. ಕನ್ನಡದ ಪದಕ್ಕೆ ಅರ್ಥ ಹುಡುಕಲು ರಾಜಸ್ಥಾನದ ಕೋಟೆಗೆ ಹೋಗಬೇಕಾಗಿರುವುದು ಚರಿತ್ರೆಯ ವಿಪರ್ಯಾಸವೇ ಸರಿ.

ಕೊಡಗಿನ ಸಂಪ್ರದಾಯದಲ್ಲಿ ಉಳಿದು ಬಂದಿರುವ ಯೋಧವೇಷ ಇದಕ್ಕೆ ತೀರ ಭಿನ್ನ. ಮೊಣಕಾಲಿನವರೆಗೆ ಇಳಿಯುವ ಕುಪ್ಯ, ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆ, ತಲೆಗೆ ಮಂಡೆತುಣಿ ಎಲ್ಲವೂ ಬಟ್ಟೆಯವು. ಲೋಹವಿರುವುದು ಎರಡೇ ಕಡೆ: ಮುಂದೆ ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿ, ಹಿಂದೆ ಸೊಂಟದ ಮೇಲೆ ತೊಡಂಗಿನಲ್ಲಿ ಕೂರಿಸಿದ ಒಡಿಕತ್ತಿ. ಕಾಡು, ಕಡಿದಾದ ಏರು, ಮಳೆ ಇವು ಮೂರೂ ಕೂಡಿದ ಸೀಮೆಯಲ್ಲಿ ತಗಡಿನ ಅಂಗಿ ತೊಟ್ಟವನು ಕಾದಾಡುವ ಮೊದಲೇ ದಣಿಯುತ್ತಾನೆ ಎಂಬುದು ಸಹಜವಾದ ಊಹೆ. ಶ್ರೀಮಂಗಲದ ನೆಲವನ್ನು ಕಂಡವರಿಗೆ ಈ ಊಹೆ ಬಲವಾಗುತ್ತದೆ. ಗೋಣಿಕೊಪ್ಪಲಿನಿಂದ ಪೊನ್ನಂಪೇಟೆಯ ಮೂಲಕ ಕುಟ್ಟದತ್ತ ಸಾಗುವ ದಾರಿಯಲ್ಲಿರುವ, ಇಂದು ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ಈ ಊರಿನ ಒಂದು ಕಡೆ ಬ್ರಹ್ಮಗಿರಿ ಬೆಟ್ಟಸಾಲು. ಅದನ್ನು ದಾಟಿದರೆ ಕೇರಳದ ವಯನಾಡು. ಗದ್ದೆಯ ಬಯಲು ಮುಗಿದಲ್ಲಿ ತೋಟ, ತೋಟ ಮುಗಿದಲ್ಲಿ ಕಾಡು. ಕೈಗೆ ಹತ್ತಿರದ ಹೋರಾಟಕ್ಕೂ ದಾರಿ ಕಡಿದುಕೊಳ್ಳುವುದಕ್ಕೂ ಒದಗುವ ಒಂದೇ ಕತ್ತಿ ಇಂಥ ನೆಲದಲ್ಲಿ ಬೆಳೆದು ಬಂದದ್ದು ಅಚ್ಚರಿಯಲ್ಲ.

ಬಾಗನ್ನು ಮೊದಲೇ ಕೊಡುವುದು

ಒಡಿಕತ್ತಿಯ ಅಲಗು ಸುಮಾರು ಒಂದು ಮೊಳದ್ದು. ಹಿಡಿಯ ಬಳಿ ಸಪುರವಾಗಿ ಹೊರಟು ಮುಂದೆ ಹೋದಂತೆ ಅಗಲವಾಗುತ್ತ ಮುಂದಕ್ಕೆ ಬಾಗುತ್ತದೆ. ಅದರ ಹರಿತವಿರುವುದು ಬಾಗಿನ ಒಳಬದಿಯಲ್ಲಿ. ಸಾಮಾನ್ಯವಾಗಿ ಖಡ್ಗವೆಂದೊಡನೆ ಕಣ್ಣಿಗೆ ಬರುವ ಬಾಗುಗತ್ತಿಯಲ್ಲಿ ಹರಿತ ಹೊರಬದಿಯಲ್ಲಿರುತ್ತದೆ. ಒಡಿಕತ್ತಿಯ ರಚನೆ ಇದರ ವಿರುದ್ಧ. ಕುಡುಗೋಲಿನಂತೆ ಒಳಬಾಯಿ, ಕೊಡಲಿಯಂತೆ ಮುಂಭಾರ. ಬೀಸಿದಾಗ ಭಾರವೆಲ್ಲ ತುದಿಯತ್ತ ನುಗ್ಗುತ್ತದೆ. ತಗುಲಿದ ವಸ್ತು ಬಾಗಿನ ಒಳಗೆ ಸಿಕ್ಕಿಕೊಳ್ಳುವುದರಿಂದ ಅಲಗು ಜಾರುವುದಿಲ್ಲ.

ನೋಡಲು ಸರಳವಾದ ಈ ಒಳಬಾಯಿ ಕಮ್ಮಾರನಿಗೆ ಕಷ್ಟದ ಕೆಲಸ. ಕಾದ ಪಟ್ಟಿಯ ಒಂದು ಅಂಚನ್ನು ಬಡಿದು ತೆಳುಮಾಡಿದಾಗ ಆ ಅಂಚಿನ ಲೋಹ ಉದ್ದುದ್ದಕ್ಕೆ ಹಿಗ್ಗುತ್ತದೆ. ಬೆನ್ನಿನ ಬದಿ ಹಿಗ್ಗುವುದಿಲ್ಲ. ಪರಿಣಾಮವಾಗಿ ಪಟ್ಟಿ ತಾನಾಗಿಯೇ ಬೆನ್ನಿನ ಕಡೆಗೆ ಬಾಗಿ, ಹರಿತದ ಬದಿ ಹೊರಗೆ ಉಬ್ಬುತ್ತದೆ. ಹೊರಬಾಯಿಯ ಕತ್ತಿಗೆ ಇದು ಅನುಕೂಲ. ಬಡಿತವೇ ಬಾಗನ್ನು ತಂದುಕೊಡುತ್ತದೆ. ಒಳಬಾಯಿಯ ಕತ್ತಿಯಲ್ಲಿ ಬಡಿತ ಬಾಗನ್ನು ಕೆಡಿಸುತ್ತದೆ. ಆದ್ದರಿಂದ ಬಾಯಿ ತೆಗೆಯುವುದಕ್ಕೆ ಮೊದಲೇ ಪಟ್ಟಿಯನ್ನು ಒಳಮುಖವಾಗಿ, ಕೊನೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಬಗ್ಗಿಸಿಕೊಳ್ಳಬೇಕು. ಆಮೇಲೆ ಅಂಚನ್ನು ಬಡಿಯುತ್ತ ಹೋದಂತೆ ಆ ಅತಿಬಾಗು ಬಿಚ್ಚಿಕೊಂಡು ಸರಿಯಾದ ಆಕಾರಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಹೆಚ್ಚು ಬಗ್ಗಿಸಬೇಕೆಂಬುದಕ್ಕೆ ಅಳತೆಗೋಲಿಲ್ಲ. ಪಟ್ಟಿಯ ದಪ್ಪ, ಅಲಗಿನ ಅಗಲ, ಬಾಯಿ ಎಷ್ಟು ತೆಳುವಾಗಬೇಕು ಎಂಬುದರ ಮೇಲೆ ಅದು ನಿಂತಿದೆ. ಹಳೆಯ ಕತ್ತಿಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡು ಅದೇ ಆಕಾರಕ್ಕೆ ಪಟ್ಟಿ ಬಗ್ಗಿಸಿ ಬಡಿಯಲು ಹೊರಡುವ ಹೊಸಬನ ಕೈಯಲ್ಲಿ ಅಲಗು ನೆಟ್ಟಗಾಗಿಬಿಡುವುದು ಈ ಕಾರಣದಿಂದ. ವಸ್ತುವಿನ ಚಿತ್ರ ಅದರ ಕೊನೆಯ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ. ಆ ಸ್ಥಿತಿಗೆ ಬಂದ ಹಾದಿಯಲ್ಲಿ ಬೇರೊಂದು ಆಕಾರವಿತ್ತೆಂಬುದನ್ನು ತೋರಿಸುವುದಿಲ್ಲ. ವೀರಗಲ್ಲುಗಳ ಶಿಲ್ಪದಿಂದಲೋ ಗ್ರಂಥದ ರೇಖಾಚಿತ್ರದಿಂದಲೋ ಆಯುಧಗಳನ್ನು ಅಭ್ಯಾಸ ಮಾಡುವವರು ಈ ಮಿತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮನೆಯ ಪಕ್ಕದ ಮಾಡಿನ ಕೆಳಗೆ ಹಾಕಿಕೊಂಡ ಕುಲುಮೆಯಲ್ಲಿ ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಹೆಚ್ಚಿನದಲ್ಲ: ಇದ್ದಿಲು, ತಿದಿ, ಅಡಿಗಲ್ಲು, ಇಕ್ಕಳ, ಸುತ್ತಿಗೆ, ಸಮ್ಮಟಿಗೆ, ಉಳಿ, ಅರ. ತಿದಿಯ ಜಾಗಕ್ಕೆ ವಿದ್ಯುತ್ತಿನ ಗಾಳಿಯಂತ್ರ ಬಂದಿದೆ. ಅರದ ಅರ್ಧ ಕೆಲಸವನ್ನು ಕೈಗ್ರೈಂಡರ್ ಮಾಡುತ್ತದೆ. ಲೋಹವೂ ಬದಲಾಗಿದೆ. ಹಿಂದೆ ಮೆದುಕಬ್ಬಿಣದ ಒಡಲಿಗೆ ಬಾಯಿಯ ಕಡೆ ಉಕ್ಕಿನ ಪಟ್ಟಿಯೊಂದನ್ನು ಇಟ್ಟು, ಬಿಳಿಗಾರವೋ ನುಣುಪು ಮರಳೋ ಉದುರಿಸಿ, ಬೆಳ್ಳಗಾಗುವಂತೆ ಕಾಸಿ ಬಡಿದು ಒಂದುಮಾಡುವುದು ಕಮ್ಮಾರರ ಸಾಮಾನ್ಯ ಪದ್ಧತಿ. ಉಕ್ಕು ದುಬಾರಿ, ಕಬ್ಬಿಣ ಅಗ್ಗ ಎಂಬುದು ಒಂದು ಕಾರಣ. ಒಡಲು ಮೆದುವಾಗಿದ್ದರೆ ಏಟಿಗೆ ಮುರಿಯುವುದಿಲ್ಲ ಎಂಬುದು ಇನ್ನೊಂದು. ಉಕ್ಕಿನ ವಿಷಯದಲ್ಲಿ ಕನ್ನಡನಾಡಿಗೆ ತನ್ನದೇ ಖ್ಯಾತಿಯಿತ್ತು. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನಲ್ಲಿ ಪ್ರಕಟಿಸಿದ ಪ್ರಬಂಧದ ಮೂಲಕ ಪ್ರಚಾರಕ್ಕೆ ಬಂದ ‘ವೂಟ್ಜ್’ ಎಂಬ ಪದ ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಮಾಗಡಿಯ ಸುತ್ತಿನ ಕಬ್ಬಿಣದ ಕುಲುಮೆಗಳನ್ನೂ ಉಕ್ಕು ತಯಾರಿಸುವ ಬಗೆಯನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಇಂದು ಆ ಜಾಗದಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿದೆ. ಗುಜರಿಯಿಂದ ಸುಲಭವಾಗಿ ಸಿಗುವ ಈ ಪಟ್ಟಿಯಲ್ಲಿ ಇಂಗಾಲದ ಪ್ರಮಾಣ ಶೇಕಡ 0.5ರಿಂದ 0.6ರ ಆಸುಪಾಸಿನಲ್ಲಿದ್ದು, ಹದ ಹಿಡಿಯುವುದಕ್ಕೂ ಏಟು ತಡೆಯುವುದಕ್ಕೂ ಅದು ಒಗ್ಗುತ್ತದೆ.

ಆಕಾರ ಬಂದ ಮೇಲೆ ಹದ ಹಾಕುವ ಕೆಲಸ. ಹೊಳೆಯುವ ಕೆಂಪಿಗೆ, ಎಂದರೆ ಸುಮಾರು 800ರಿಂದ 850 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿದ ಅಲಗನ್ನು ತಟ್ಟನೆ ತಣಿಸಿದರೆ ಉಕ್ಕು ಗಡುಸಾಗುತ್ತದೆ. ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಅನುಭವಿಯಾದವನು ಇಡೀ ಅಲಗನ್ನು ಅದ್ದುವುದಿಲ್ಲ. ಬಾಯಿಯನ್ನಷ್ಟೇ ನೀರಿಗೋ ಎಣ್ಣೆಗೋ ತಾಗಿಸಿ ಎತ್ತುತ್ತಾನೆ. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲನೆ ಬಾಯಿಯತ್ತ ಹರಿಯುತ್ತದೆ. ಆಗ ಕಲ್ಲಿನಿಂದ ಉಜ್ಜಿ ಬೆಳಗಿದ ಮೈಯ ಮೇಲೆ ಬಣ್ಣಗಳು ಸರಿದು ಬರುವುದು ಕಾಣುತ್ತದೆ: ಮೊದಲು ತೆಳುಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಹಳದಿ 230 ಡಿಗ್ರಿಯ ಸೂಚನೆಯಾದರೆ ನೀಲಿ 300ರದು. ಯಾವ ಬಣ್ಣ ಬಾಯಿಗೆ ಮುಟ್ಟಿದಾಗ ಮತ್ತೆ ನೀರಿಗಿಟ್ಟು ನಿಲ್ಲಿಸಬೇಕೆಂಬುದರಲ್ಲಿ ಕತ್ತಿಯ ಗುಣವೆಲ್ಲ ಅಡಗಿದೆ. ಹಳದಿಯಲ್ಲೇ ನಿಲ್ಲಿಸಿದರೆ ಹರಿತ ಹೆಚ್ಚು ನಿಂತರೂ ಎಲುಬಿಗೋ ಗಂಟಿಗೋ ತಗುಲಿದಾಗ ಬಾಯಿ ಚಕ್ಕೆಯೇಳುತ್ತದೆ. ನೀಲಿ ದಾಟಿದರೆ ಬಾಯಿ ಮಡಚುತ್ತದೆ. ಕುಲುಮೆಯಿರುವ ಜಾಗಕ್ಕೆ ಬೆಳಕು ಕಡಿಮೆಯಿರಬೇಕೆನ್ನುವುದು ಇದಕ್ಕಾಗಿಯೇ. ಬಿಸಿಲಿನಲ್ಲಿ ಕಾವಿನ ಕೆಂಪು ಕಣ್ಣಿಗೆ ಸರಿಯಾಗಿ ತೋರುವುದಿಲ್ಲ.

ಹರಿತಗೊಳಿಸುವಾಗಲೂ ಒಳಬಾಯಿಯ ತೊಂದರೆ ತಪ್ಪಿದ್ದಲ್ಲ. ಚಪ್ಪಟೆ ಮಸೆಗಲ್ಲಿನ ಮೇಲೆ ಇಂಥ ಅಲಗು ಪೂರ್ತಿ ಕೂರುವುದಿಲ್ಲ. ಕಲ್ಲನ್ನೇ ಕೈಯಲ್ಲಿ ಹಿಡಿದು ಬಾಗಿನ ಉದ್ದಕ್ಕೂ ನಡೆಸಬೇಕು. ಕೊನೆಗೆ ಅಲಗಿನ ಬುಡದ ಚೂಪು ಭಾಗವನ್ನು ಹಿಡಿಯೊಳಗೆ ಕರಗಿದ ಅರಗಿನಲ್ಲಿ ಕೂರಿಸಲಾಗುತ್ತದೆ.

ಹಿತ್ತಾಳೆ ಮತ್ತು ‘ಹದ’

ಒಡಿಕತ್ತಿಗೆ ಒರೆಯಿಲ್ಲ. ಬರಿಯ ಅಲಗನ್ನು ಸೊಂಟದ ಹಿಂದೆ ಹಿಡಿದು ನಿಲ್ಲಿಸುವುದು ತೊಡಂಗ್ ಎಂಬ ಹಿತ್ತಾಳೆಯ ಹಿಡಿಕೆ. ಸೊಂಟಪಟ್ಟಿಗೆ ಸೇರಿದ ಅದರ ಸೀಳಿನಲ್ಲಿ ಕತ್ತಿ ಇಳಿದು ಕೂರುತ್ತದೆ. ಸೀಳು ಬಿಗಿಯಾದರೆ ಕೈ ಹಿಂದೆ ಹೋದೊಡನೆ ಕತ್ತಿ ಬಾರದು, ಸಡಿಲವಾದರೆ ಏರು ಹತ್ತುವಾಗ ಅಲುಗಾಡಿ ಕೆಳಗೆ ಬೀಳುತ್ತದೆ. ಹೀಗಾಗಿ ತೊಡಂಗನ್ನು ಬೇರೆಯಾಗಿ ಮಾಡಿಟ್ಟು ಯಾವುದಾದರೊಂದು ಕತ್ತಿಗೆ ಹಾಕಲಾಗುವುದಿಲ್ಲ. ಇಂಥ ಅಲಗಿಗೆ ಇಂಥ ಸೀಳು ಎಂದು ಜೋಡಿಸಿಯೇ ಮಾಡಬೇಕು. ಕೊಡವ ಯೋಧನ ಮೈಮೇಲೆ ಲೋಹದ ತಗಡೆಂಬುದು ಏನಾದರೂ ಇದ್ದರೆ ಅದು ಇದೊಂದೇ. ಅದೂ ಏಟು ತಡೆಯಲು ಇರುವುದಲ್ಲ, ಕತ್ತಿ ಹೊರಲು ಇರುವುದು.

ತೊಡಂಗಿನ ಕೆಲಸದಲ್ಲಿ ಕನ್ನಡದ ಒಂದು ಪದ ಹೊಸದಾಗಿ ಅರ್ಥವಾಗುತ್ತದೆ. ತಾಮ್ರ ಸತುಗಳ ಮಿಶ್ರಣವಾದ ಹಿತ್ತಾಳೆಯನ್ನು ತಣ್ಣಗಿರುವಾಗ ಬಡಿದು ಬಗ್ಗಿಸಬಹುದು. ಆದರೆ ಬಡಿದಷ್ಟೂ ಅದು ಬಿರುಸಾಗುತ್ತ ಹೋಗಿ, ಒಂದು ಹಂತದಲ್ಲಿ ಅಂಚು ಸೀಳುತ್ತದೆ. ಆ ಹಂತಕ್ಕೆ ಮುಂಚೆ ಅದನ್ನು ಮಸುಕುಕೆಂಪಿಗೆ ಕಾಸಬೇಕು. ಕಾಸಿ ತಣಿಸಿದರೆ ಹಿತ್ತಾಳೆ ಮೆತ್ತಗಾಗುತ್ತದೆ. ನೀರಿಗೆ ಅದ್ದಿದರೂ ಮೆತ್ತಗೇ ಇರುತ್ತದೆ. ಉಕ್ಕಿಗೆ ಅದೇ ಬೆಂಕಿ, ಅದೇ ನೀರು ಗಡುಸನ್ನು ಕೊಡುತ್ತದೆ. ಎರಡು ಲೋಹಗಳ ಮೇಲೆ ಒಂದೇ ಕ್ರಿಯೆಗೆ ಎದುರುಬದುರಾದ ಫಲಗಳಿವೆ. ಕನ್ನಡದ ಕಸುಬುದಾರನ ಮಾತಿನಲ್ಲಿ ಎರಡಕ್ಕೂ ಇರುವ ಪದ ‘ಹದ’ ಒಂದೇ.

‘ಹದ’ ಎಂಬುದಕ್ಕೆ ನಿಘಂಟಿನಲ್ಲಿ ‘ಸರಿಯಾದ ಸ್ಥಿತಿ’, ‘ಪಾಕ’, ‘ಹರಿತ’ ಮೊದಲಾದ ಅರ್ಥಗಳು ದೊರೆಯುತ್ತವೆ. ಕತ್ತಿಯ ಸಂದರ್ಭದಲ್ಲಿ ಇದನ್ನು ‘ಗಡುಸು’ ಎಂದೇ ಹಿಡಿಯುವುದು ರೂಢಿ. ಕುಲುಮೆಯ ಬಳಕೆ ಈ ಅರ್ಥವನ್ನು ಒಪ್ಪುವುದಿಲ್ಲ. ಅಲ್ಲಿ ಗಡುಸು ಮಾಡುವುದು ಹದದ ಅರ್ಧ ಮಾತ್ರ. ಆ ಗಡುಸನ್ನು ಬೇಕಾದಷ್ಟು ಇಳಿಸುವುದು ಉಳಿದರ್ಧ. ಹೊಲದ ಹದ, ತೊಗಲಿನ ಹದ, ಅನ್ನದ ಹದ ಎಂಬ ಪ್ರಯೋಗಗಳೊಡನೆ ಇಟ್ಟು ನೋಡಿದರೆ ಎಲ್ಲ ಕಡೆಯೂ ಈ ಪದ ಸೂಚಿಸುವುದು ಒಂದು ಗುಣವನ್ನಲ್ಲ, ಮುಂದಿನ ಕೆಲಸಕ್ಕೆ ವಸ್ತು ಸಿದ್ಧವಾಗಿರುವ ಘಟ್ಟವನ್ನು. ‘ಹದಗೆಟ್ಟ’ ಎಂಬ ಮಾತು ಉತ್ತು ಬಿತ್ತುವ ನೆಲಕ್ಕೂ ಮನಸ್ಸಿಗೂ ಹೊಂದುವುದು ಈ ಕಾರಣದಿಂದಲೇ. ಕಾವ್ಯದಲ್ಲಿ ಆಯುಧದ ಹದದ ಮಾತು ಬಂದಾಗ ‘ಚೂಪು’ ಎಂದಷ್ಟೇ ಅರ್ಥ ಹೇಳಿ ಮುಗಿಸುವವರು, ಮುರಿಯದೆ ನಿಲ್ಲುವ ಗುಣವೂ ಅದೇ ಪದದೊಳಗಿದೆ ಎಂಬುದನ್ನು ಕೈಬಿಡುತ್ತಾರೆ.

ಯಾವುದು ಚರಿತ್ರೆಗೆ ನಿಷ್ಠ?

ಯುರೋಪಿನಲ್ಲಿ ತಗಡುಕವಚದ ತಯಾರಿಕೆ ಯುದ್ಧದ ಕಸುಬಾಗಿ 17ನೆಯ ಶತಮಾನದ ಹೊತ್ತಿಗೆ ಕುಗ್ಗಿತು. ಅಲ್ಲಿ ಇಂದು ಮನೆಯ ಕಾರ್ಯಾಗಾರಗಳಲ್ಲಿ ಚರಿತ್ರೆಗೆ ನಿಷ್ಠವಾದ ಕವಚ ಮಾಡಲು ಹೊರಟವರು ಸಂಗ್ರಹಾಲಯದ ವಸ್ತುಗಳ ದಪ್ಪವನ್ನು ಅಳೆದು, ಸುತ್ತಿಗೆಯ ಗುರುತುಗಳನ್ನು ಓದಿ, ಕಡಿದುಹೋದ ಕೈಚಳಕವನ್ನು ಮರಳಿ ಕಟ್ಟಬೇಕು. ಅವರಿಗೆ ಹಳೆಯ ವಸ್ತುವೇ ಪ್ರಮಾಣ. ಕೊಡಗಿನ ಸ್ಥಿತಿ ಬೇರೆ. ಇಲ್ಲಿ ಬಳಕೆ ಕಡಿಯಲಿಲ್ಲ. ಆದ್ದರಿಂದ ಲಾರಿ ಪಟ್ಟಿಯಲ್ಲಿ ಮಾಡಿದ ಒಡಿಕತ್ತಿ ‘ಅಸಲಿ’ಯೋ ಅಲ್ಲವೋ ಎಂಬ ಪ್ರಶ್ನೆಯನ್ನು ಲೋಹದ ಆಧಾರದಿಂದ ಇತ್ಯರ್ಥಪಡಿಸಲು ಬರುವುದಿಲ್ಲ.

ಬಳಕೆಯೇ ಇಟ್ಟಿರುವ ಪರೀಕ್ಷೆಯೊಂದಿದೆ. ಕೊಡವರ ಮದುವೆಯಲ್ಲಿ ಬಾಳೆ ಕಡಿಯುವ ವಿಧಿ, ‘ಬಾಳೆ ಬಿರುದು’, ಮುಖ್ಯವಾದುದು. ನೆಟ್ಟ ಬಾಳೆಯ ದಿಂಡುಗಳನ್ನು ಆ ಗೌರವಕ್ಕೆ ಪಾತ್ರರಾದವರು ಒಡಿಕತ್ತಿಯಿಂದ ಒಂದೊಂದೇ ಏಟಿಗೆ ಕಡಿಯಬೇಕು. ಬಾಳೆದಿಂಡು ಕಾಣಲು ಮೆದು. ಆದರೆ ನೀರು ತುಂಬಿದ ಪದರಗಳ ಒಳಗಿನ ನಾರು ಮೊಂಡು ಅಲಗಿಗೆ ಬಗ್ಗುವುದಿಲ್ಲ. ದಿಂಡು ಕಡಿಯದೆ ವಾಲುತ್ತದೆ. ನೆರೆದ ನಂಟರಿಷ್ಟರ ಮುಂದೆ ಏಟು ತಪ್ಪಿದರೆ ಕಡಿದವನಿಗೆ ಮುಜುಗರ, ಆಮೇಲೆ ಮಾತು ಕತ್ತಿ ಮಾಡಿದವನವರೆಗೂ ಹೋಗುತ್ತದೆ. ಅಲಂಕಾರಕ್ಕೆಂದು ತುಕ್ಕುಹಿಡಿಯದ ಉಕ್ಕಿನ ತಗಡನ್ನು ಆಕಾರಕ್ಕೆ ಕತ್ತರಿಸಿ ಹೊಳಪು ಕೊಟ್ಟ ಕತ್ತಿಗಳು ಫೋಟೋದಲ್ಲಿ ಹಳೆಯ ಕತ್ತಿಗಿಂತ ಚೆನ್ನಾಗಿ ಕಾಣಬಹುದು. ಅವುಗಳಿಗೆ ಬಡಿತವಿಲ್ಲ, ಹದವಿಲ್ಲ, ಬೆನ್ನಿನಿಂದ ಬಾಯಿಗೆ ಇಳಿಯುವ ದಪ್ಪದ ಇಳಿಜಾರೂ ಇಲ್ಲ. ಲಾರಿ ಪಟ್ಟಿಯಿಂದ ಬಡಿದು ತೆಗೆದ ಕತ್ತಿ ಲೋಹದಲ್ಲಿ ಹಳೆಯದಕ್ಕೆ ದೂರವಾದರೂ ಗುಣದಲ್ಲಿ ಹತ್ತಿರ. ಈ ಎರಡರಲ್ಲಿ ಯಾವುದನ್ನು ಪರಂಪರೆಯ ಮುಂದುವರಿಕೆಯೆಂದು ಎಣಿಸಬೇಕೆಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಪೀಚೆಕತ್ತಿಯ ವಿಷಯದಲ್ಲಿ ಕಾನೂನೂ ಪ್ರವೇಶಿಸುತ್ತದೆ. ಬೆಳ್ಳಿಯ ಕಟ್ಟು, ಬೆಳ್ಳಿಯ ಸರಪಣಿ, ಅದರ ತುದಿಗೆ ಚಿಮುಟ ಮೊದಲಾದ ಪುಟ್ಟ ಸಾಧನಗಳು ಇವುಗಳಿಂದ ಶೋಭಿಸುವ ಈ ಕಿರುಗತ್ತಿಯ ಹಿಡಿಗೆ ಹಿಂದೆ ಆನೆದಂತವೂ ಬಳಕೆಯಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಷೇಧಿಸಿತು; 1991ರ ತಿದ್ದುಪಡಿ ಆಫ್ರಿಕದ ದಂತಕ್ಕೂ ಆ ನಿಷೇಧವನ್ನು ವಿಸ್ತರಿಸಿತು. ಹಳೆಯ ಮಾದರಿಗೆ ಅಕ್ಷರಶಃ ನಿಷ್ಠನಾಗಿರಲು ಇಂದಿನ ಕಸುಬುದಾರನಿಗೆ ಸಾಧ್ಯವೂ ಇಲ್ಲ, ಸಾಧ್ಯವಾಗಬೇಕಾದ ಅಗತ್ಯವೂ ಇಲ್ಲ. ಮರದ ಹಿಡಿಗೆ ಬೆಳ್ಳಿ ಹೊದಿಸಿದ ಪೀಚೆಕತ್ತಿ ಚೇಲೆಯಲ್ಲಿ ಅಷ್ಟೇ ಸಲೀಸಾಗಿ ಕೂರುತ್ತದೆ.

ಆಯುಧಗಳ ಬಗೆಗಿನ ಬರೆಹದಲ್ಲಿ ಕೋವಿಗೆ ಸಿಕ್ಕ ಗಮನ ಕತ್ತಿಗೆ ಸಿಕ್ಕಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ 1861ರಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ದೊರೆಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಈ ಚರಿತ್ರೆ ಆಡಳಿತದ ಕಡತಗಳಲ್ಲಿ ದಾಖಲಾಗಿರುವುದರಿಂದ ಸಂಶೋಧಕರಿಗೆ ಸುಲಭವಾಗಿ ಸಿಗುತ್ತದೆ. ಕುಲುಮೆಗೆ ಕಡತವಿಲ್ಲ.

ಮಾಡಿದವನ ಹೆಸರು

ಒಡಿಕತ್ತಿ ಒಕ್ಕದ ಆಸ್ತಿ. ಐನ್‌ಮನೆಯಲ್ಲಿ ತಲೆಮಾರುಗಳಿಂದ ಉಳಿದ ಕತ್ತಿಯನ್ನು ಇಂಥ ಒಕ್ಕದ್ದು ಎಂದು ಗುರುತಿಸುತ್ತಾರೆ. ಅದನ್ನು ಬಡಿದವನು ಯಾರೆಂಬುದು ಸಾಮಾನ್ಯವಾಗಿ ಆ ಗುರುತಿನ ಭಾಗವಾಗಿರುವುದಿಲ್ಲ. ಕೊಡಗಿನಲ್ಲಿ ಮರಗೆಲಸ, ಕಮ್ಮಾರಿಕೆ, ಅಕ್ಕಸಾಲೆ ಕೆಲಸಗಳೊಡನೆ ಐರಿ ಸಮುದಾಯದ ಹೆಸರು ಸೇರಿಕೊಂಡಿದೆ. ಕೊಡವ ತಕ್ಕನ್ನೇ ಮನೆಮಾತಾಗಿ ಉಳ್ಳ ಈ ಸಮುದಾಯ ಮಲಬಾರಿನ ಕಡೆಯಿಂದ ಬಂದುದೆಂಬ ನಂಬಿಕೆಯಿದೆ. ಮಲಬಾರಿನ ನಂಟನ್ನು ಪದಗಳೂ ಹೇಳುತ್ತವೆ. ‘ಪೀಚೆಕತ್ತಿ’ಯನ್ನು ಮಲಯಾಳದಲ್ಲಿ ಚಾಕುವಿಗೆ ಬಳಸುವ ‘ಪಿಚ್ಚಾತ್ತಿ’ಯ ಜತೆಗಿಟ್ಟು ನೋಡಿದರೆ ಇವು ಒಂದೇ ಕುಟುಂಬದವೆಂಬುದು ಕಾಣುತ್ತದೆ.

ಇನ್ನೂ ಹಿಂದಕ್ಕೆ ಹೋಗುವ ಪದವೊಂದಿದೆ. ಬರೋ ಮತ್ತು ಎಮೆನೋ ಅವರು 1961ರಲ್ಲಿ ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ತಮಿಳು ಮಲಯಾಳಗಳ ‘ಕೊಲ್ಲನ್’, ಕೊಡವದ ‘ಕೊಲ್ಲೆ’, ಕನ್ನಡದ ‘ಕೊಲಿಮೆ’, ‘ಕುಲುಮೆ’, ತೆಲುಗಿನ ‘ಕೊಲಿಮಿ’ ಇವೆಲ್ಲವನ್ನೂ ಒಂದೇ ಮೂಲದ ಅಡಿಯಲ್ಲಿ ಸೇರಿಸುತ್ತದೆ. ಇಲ್ಲೊಂದು ಕುತೂಹಲದ ಸಂಗತಿಯಿದೆ. ತಮಿಳು, ಮಲಯಾಳ, ಕೊಡವಗಳಲ್ಲಿ ಈ ಮೂಲ ಮನುಷ್ಯನ ಹೆಸರಾಗಿ ನಿಂತಿದೆ. ಶಿಷ್ಟ ಕನ್ನಡದಲ್ಲಿ ಮತ್ತು ತೆಲುಗಿನಲ್ಲಿ ಮನುಷ್ಯ ಹೋಗಿ ಬೆಂಕಿಯ ಗುಂಡಿ ಮಾತ್ರ ಉಳಿದಿದೆ. ಕಸುಬುದಾರನ ಜಾಗಕ್ಕೆ ಕನ್ನಡದಲ್ಲಿ ಸಂಸ್ಕೃತದ ‘ಕರ್ಮಾರ’ನಿಂದ ಬಂದ ‘ಕಮ್ಮಾರ’ ಬಂದು ಕುಳಿತಿದ್ದಾನೆ. ನೀಲಗಿರಿಯ ಕೋತರ ಭಾಷೆಯಲ್ಲಿ ಇದೇ ಮೂಲದ ಪದಕ್ಕೆ ಕುಲುಮೆಯೆಂಬ ಅರ್ಥದೊಡನೆ ಊರಿನ ಗುಡಿಯೆಂಬ ಅರ್ಥವೂ ಇದೆ. ಕುಲುಮೆಯೇ ಗುಡಿಯಾಗಿರುವ ಒಂದು ಸಮಾಜ, ಆಯುಧವನ್ನು ಪೂಜಿಸಿ ಆಯುಧಕಾರನನ್ನು ಹೊಸ್ತಿಲಾಚೆ ನಿಲ್ಲಿಸಿದ ಇನ್ನೊಂದು ಸಮಾಜ ಇವೆರಡೂ ಒಂದೇ ಬೆಟ್ಟಸಾಲಿನ ನೆರೆಹೊರೆಯವು. ಜಾತಿಯ ಚರಿತ್ರೆಯನ್ನು ಪದಗಳ ಮೂಲಕ ಓದಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು.

1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯನ್ನು ಹೊರತಂದಾಗ ಕೊಡವರ ಹಾಡು, ಹಬ್ಬ, ವಿಧಿಗಳು ಕನ್ನಡ ಲಿಪಿಯಲ್ಲಿ ದಾಖಲಾದವು. ಹಾಡುವವರ ಪರಂಪರೆಗೆ ದೊರೆತ ಇಂಥ ಕಾಳಜಿ ಬಡಿಯುವವರ ಪರಂಪರೆಗೆ ದೊರೆತಿಲ್ಲ. ಕಿಟೆಲ್ಲರ 1894ರ ನಿಘಂಟಾಗಲಿ, 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಾಗಲಿ ಮುಖ್ಯವಾಗಿ ಬರೆಹದ ಪ್ರಯೋಗಗಳನ್ನು ನೆಚ್ಚಿದವು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲೇ ವ್ಯವಸಾಯದ ವೃತ್ತಿಪದಕೋಶವನ್ನು ಕಸುಬುದಾರರ ಬಾಯಿಂದಲೇ ಸಂಗ್ರಹಿಸಿ ಪ್ರಕಟಿಸಿದರು. ಆ ಕ್ರಮದಲ್ಲಿ ಒಡಿಕತ್ತಿಯ ನಮೂದೊಂದನ್ನು ರಚಿಸುವುದಾದರೆ ಅದರಲ್ಲಿ ಅಲಗಿನ ಆಕಾರದ ಜತೆಗೆ ಹರಿತ ಯಾವ ಬದಿಯಲ್ಲಿದೆ, ಬಾಗು ಬಡಿತಕ್ಕೆ ಮೊದಲು ಎಷ್ಟು, ಅನಂತರ ಎಷ್ಟು, ಹದ ಯಾವ ಬಣ್ಣದಲ್ಲಿ ನಿಲ್ಲುತ್ತದೆ, ತೊಡಂಗಿನ ಸೀಳಿಗೆ ಅಲಗಿನ ಯಾವ ಭಾಗ ಕೂರುತ್ತದೆ, ಇವಕ್ಕೆಲ್ಲ ಐರಿಗಳು ಬಳಸುವ ಪದವೇನು, ಅದೇ ಕತ್ತಿಯನ್ನು ಹೊರುವ ಕೊಡವರು ಬಳಸುವ ಪದವೇನು ಎಂಬುವು ಇರಬೇಕಾಗುತ್ತದೆ. ಎರಡೂ ಕಡೆಯ ಪದಗಳು ಒಂದೇ ಆಗಿರಬೇಕೆಂದೇನೂ ಇಲ್ಲ.

ಇಂಥ ಸಂಗ್ರಹಕ್ಕೆ ಕಾಲವೂ ಮುಖ್ಯ. ಶ್ರೀಮಂಗಲದಂಥ ಊರಿನ ಕುಲುಮೆಗೆ ವರ್ಷದ ಬಹುಪಾಲು ಬರುವುದು ತೋಟದ ಕೆಲಸ: ಕಾಡು ಕಡಿಯುವ ಕತ್ತಿ, ಗುದ್ದಲಿ, ಹಾರೆ. ಆಗ ಒಡಿಕತ್ತಿಯ ಮಾತು ಕೇಳಿದರೆ ನೆನಪಿನ ಮಾತು ಸಿಗುತ್ತದೆ. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಬರುತ್ತದೆ. ಅಂದು ಕೋವಿ ಕತ್ತಿಗಳಿಗೆ ಗಂಧ ಹಚ್ಚಿ ತೋಕ್‌ಪೂವನ್ನು ಏರಿಸುವ ಮುಂಚೆ ತುಕ್ಕು ತೆಗೆಯುವ, ಸಡಿಲಾದ ಹಿಡಿಗೆ ಅರಗು ತುಂಬುವ, ಬಾಯಿ ಮಸೆಯುವ ಕೆಲವು ದಿನಗಳಿವೆ. ಕತ್ತಿ ಕೈಯಲ್ಲಿದ್ದಾಗ ಬೆರಳು ಒಂದೊಂದು ಭಾಗವನ್ನು ಮುಟ್ಟುತ್ತದೆ, ಮುಟ್ಟಿದ ಭಾಗದ ಹೆಸರು ಬಾಯಿಗೆ ಬರುತ್ತದೆ. ಪದಸಂಗ್ರಾಹಕ ಕುಲುಮೆಯ ಮಾಡಿನ ಕೆಳಗೆ ಕುಳಿತಿರಬೇಕಾದುದು ಆ ದಿನಗಳಲ್ಲಿ. ಹಬ್ಬದ ದಿನ ಹೋದರೆ ಕತ್ತಿಗಳು ಕನ್ನಿಕೊಂಬರೆಯಲ್ಲಿ ಹೂವಿನ ಕೆಳಗಿರುತ್ತವೆ.